ಲ್ಯಾಬ್‌ನ ಹಳೇ ಬಾಟಲಿಗಳನ್ನು ಪ್ಯಾಕ್ ಮಾಡುವ ಬಗ್ಗೆ ಕೇಳಿ

ಲ್ಯಾಬ್ ಅಟೆಂಡರ್: ಮೇಡಂ, ಎಸೆಯಬೇಕಾದ ಕೆಮಿಕಲ್ ಬಾಟಲಿಗಳು ನಲವತ್ತಿವೆ. ಎಲ್ಲ 100, 250 ಎಂಎಲ್‌ನವು. ಒಂದೇ ಡ್ರಮ್ಮಿಗೆ ಹಾಕಬಹುದಾ?

ತ್ಯಾಜ್ಯ ತಜ್ಞೆ: ಬೇಡ. ಮೊದಲು ವಿಂಗಡಿಸಿ. ಆಸಿಡ್, ಕ್ಷಾರ, ಸಾಲ್ವೆಂಟ್ (ಕರಗಿಸುವ ದ್ರವ), ಆಕ್ಸಿಡೈಸರ್ (ಬೇರೆ ವಸ್ತು ಉರಿಯಲು ನೆರವಾಗುವಂಥದ್ದು) ಬೇರೆ ಬೇರೆ ಡ್ರಮ್ಮಿಗೆ. ನೈಟ್ರಿಕ್ ಮತ್ತು ಅಸಿಟಿಕ್ ಎರಡೂ ಆಸಿಡ್ಡೇ, ಆದರೂ ನೈಟ್ರಿಕ್ ಆಕ್ಸಿಡೈಸರ್ ಕೂಡ, ಜೊತೆಗಿಡಬೇಡಿ. ಬಾಟಲಿಗಳು ನೆಟ್ಟಗೆ ನಿಲ್ಲಬೇಕು, ಒಂದಕ್ಕೊಂದು ತಾಗಬಾರದು. ನಡುವೆ ವರ್ಮಿಕ್ಯುಲೈಟ್ (ಸೋರಿದ್ದನ್ನು ಹೀರುವ, ಬೆಂಕಿ ಹತ್ತದ ಹಗುರ ಖನಿಜ) ತುಂಬಿ. ಯಾವುದು ಎಷ್ಟಿದೆ ಅಂತ ಪಟ್ಟಿ ಮಾಡಿ ಡ್ರಮ್ ಜೊತೆ ಕಳಿಸಿ. ಸೂತ್ರ ಬೇಡ, ಪೂರ್ತಿ ಹೆಸರು ಬರೆಯಿರಿ.

ಎಂ.ಎಸ್ಸಿ. ವಿದ್ಯಾರ್ಥಿನಿ: ವರ್ಮಿಕ್ಯುಲೈಟ್ ಬದಲು ಮರದ ಹೊಟ್ಟು ಆಗುತ್ತಾ?

ತ್ಯಾಜ್ಯ ತಜ್ಞೆ: ಇಲ್ಲ. ನೈಟ್ರಿಕ್ ಆಸಿಡ್ ಸೋರಿದರೆ ಹೊಟ್ಟಿಗೆ ತಾನಾಗೇ ಬೆಂಕಿ ಹತ್ತಬಹುದು.

ಸ್ಟೋರ್ ಕೀಪರ್: ನಾವು ಇಪ್ಪತ್ತು ವರ್ಷದಿಂದ ಹೊಟ್ಟೇ ಹಾಕ್ತಿದ್ದೇವೆ. ಏನೂ ಆಗಿಲ್ಲ.

ಕೆಮಿಸ್ಟ್ರಿ ಮೇಷ್ಟ್ರು: ಬಾಟಲಿ ಸೋರಿಲ್ಲ, ಅದಕ್ಕೇ ಆಗಿಲ್ಲ ಸ್ವಾಮಿ.

ಸ್ಟೋರ್ ಕೀಪರ್: ನೀವು ಪಾಠ ಮಾಡಿ ಹೋಗ್ತೀರಿ. ಡ್ರಮ್ ಎತ್ತೋದು ನಾವು.

ಕೆಮಿಸ್ಟ್ರಿ ಮೇಷ್ಟ್ರು: ಎತ್ತುವವರಿಗೇ ಸುಡುತ್ತೆ ಅಂತ ಹೇಳ್ತಿರೋದು!

ಪ್ರಾಜೆಕ್ಟ್ ಹುಡುಗ: ಒಡೆದ ಥರ್ಮಾಮೀಟರಿನ ಪಾದರಸ ಯಾವ ಡ್ರಮ್ಮಿಗೆ?

ಉಪನ್ಯಾಸಕಿ: ಮೇಡಂ, ಕಪಾಟಿನ ಹಿಂದೆ ಪಿಕ್ರಿಕ್ ಆಸಿಡ್ ಬಾಟಲಿ ಸಿಕ್ಕಿದೆ. ಪುಡಿ ಗಟ್ಟಿಯಾಗಿದೆ, ಅಲ್ಲಾಡುತ್ತಿಲ್ಲ. ತಗಡಿನ ಮುಚ್ಚಳ, ಅಂಚಿನಲ್ಲಿ ಹಳದಿ ಹರಳು. ತೆಗೆದು ನೀರು ಹಾಕಿ ಪ್ಯಾಕ್ ಮಾಡಲಾ?

ತ್ಯಾಜ್ಯ ತಜ್ಞೆ: ತೆಗೆಯಬೇಡಿ! ಅಲ್ಲಾಡುತ್ತಿಲ್ಲ ಅಂದರೆ ಈಗಾಗಲೇ ಅಲ್ಲಾಡಿಸಿ ನೋಡಿದ್ದೀರಾ? ಇನ್ನು ಮುಟ್ಟಲೇಬೇಡಿ. ಇದು ಟಿಎನ್‌ಟಿ ಎಂಬ ಸ್ಫೋಟಕದ ಹತ್ತಿರದ ಸಂಬಂಧಿ. 1917ರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಸಿಡಿದ ಹಡಗಿನ ಸರಕಿನಲ್ಲಿ ಪಿಕ್ರಿಕ್ ಆಸಿಡ್ಡೂ ಇತ್ತು. ಒದ್ದೆಯಾಗಿದ್ದರೆ ಸುಮ್ನಿರುತ್ತದೆ, ಅದಕ್ಕೇ ನೀರು ಹಾಕಿ ಮಾರುತ್ತಾರೆ. ವರ್ಷಗಟ್ಟಲೆ ಇಟ್ಟರೆ ನೀರು ಆರಿಹೋಗುತ್ತದೆ. ಲೋಹದ ಜೊತೆ ಸೇರಿದರೆ ಪಿಕ್ರೇಟ್ ಎಂಬ ಲವಣ ಆಗುತ್ತದೆ, ಅದು ಇನ್ನೂ ಸುಲಭವಾಗಿ ಸಿಡಿಯುತ್ತದೆ. ನಿಮ್ಮ ಮುಚ್ಚಳದ ತಿರುಪಿನ ಸುತ್ತುಗಳೊಳಗೆ ಅದೇ ಕೂತಿರಬಹುದು. ಒಂದು ಸುತ್ತು ತಿರುಗಿಸಿದರೆ ಆ ಉಜ್ಜುವಿಕೆಯೇ ಸಾಕು. ಎಲ್ಲರನ್ನೂ ಹೊರಗೆ ಕಳಿಸಿ, ಬೀಗ ಹಾಕಿ, ಸ್ಫೋಟಕ ನಿಷ್ಕ್ರಿಯ ಮಾಡುವವರನ್ನು ಕರೆಸಿ. ಇದನ್ನು ಯಾವ ಡ್ರಮ್ಮಿಗೂ ಹಾಕುವ ಹಾಗಿಲ್ಲ.

ಸ್ಟೋರ್ ಕೀಪರ್: ಫಾರ್ವರ್ಡ್ ಬಂದಿತ್ತು. ಮುಚ್ಚಳದ ಸುತ್ತ ಎಣ್ಣೆ ಬಿಟ್ಟು ನಿಧಾನಕ್ಕೆ ತಿರುಗಿಸಿದರೆ ಬರುತ್ತಂತೆ.

ತ್ಯಾಜ್ಯ ತಜ್ಞೆ: ದಯವಿಟ್ಟು ಅಳಿಸಿ. ಯಾರಾದರೂ ನಂಬಿ ಮಾಡಿದರೆ ಕೈ ಹೋಗುತ್ತದೆ.

ಲ್ಯಾಬ್ ಅಟೆಂಡರ್: ಇನ್ನೊಂದು ಫಾರ್ವರ್ಡ್. ಉಳಿದ ಆಸಿಡ್ಡಿಗೆ ಅಡುಗೆ ಸೋಡಾ ಹಾಕಿ ಮುಚ್ಚಳ ಬಿಗಿ ಮಾಡಿದರೆ ಸೇಫ್ ಅಂತೆ?

ತ್ಯಾಜ್ಯ ತಜ್ಞೆ: ಗ್ಯಾಸ್ ಬಂದು ಬಾಟಲಿ ಒಡೆಯುತ್ತದೆ. ಫಾರ್ವರ್ಡ್ ನೋಡಿ ಕೆಲಸ ಮಾಡಬೇಡಿ, ಎಷ್ಟು ಸಲ ಹೇಳಲಿ?

ಹೊಸ ಸದಸ್ಯ: ಎಲ್ಲ ಬಾಟಲಿ ಒಂದೇ ಡ್ರಮ್ಮಿಗೆ ಹಾಕಬಹುದಾ ಮೇಡಂ?

ತ್ಯಾಜ್ಯ ತಜ್ಞೆ: ಮೇಲೆ ಬರೆದಿದ್ದೇನೆ. ಓದಿ.

ಪ್ರಾಜೆಕ್ಟ್ ಹುಡುಗ: ಪಾದರಸ?

ಸ್ಟೋರ್ ಕೀಪರ್: ಪ್ರಶ್ನೆ ಕೇಳಿದ್ದಕ್ಕೆ ಇಷ್ಟು ಸಿಟ್ಟು ಯಾಕೆ?

ಕೆಮಿಸ್ಟ್ರಿ ಮೇಷ್ಟ್ರು: ಹೊಟ್ಟು ಹಾಕುವವರು ಸ್ವಲ್ಪ ಸುಮ್ನಿರಿ.

ತ್ಯಾಜ್ಯ ತಜ್ಞೆ: ಉಪನ್ಯಾಸಕಿ ಮೇಡಂ, ಬೀಗ ಹಾಕಿದಿರಾ? ಅದನ್ನು ಮೊದಲು ಹೇಳಿ.

ಉಪನ್ಯಾಸಕಿ: ಹಾಕಿದೆ. ಪೊಲೀಸರಿಗೆ ಫೋನ್ ಮಾಡಿದ್ದೇವೆ, ಬಾಂಬ್ ದಳ ಹೊರಟಿದೆ. ಅದೇ ಕಪಾಟಿನಲ್ಲಿ ಈಥರ್ ಕೂಡ ಇದೆ. ತಂದುಬಿಡಲಾ?

ತ್ಯಾಜ್ಯ ತಜ್ಞೆ: ಬೇಡ, ಒಳಗೆ ಹೋಗಬೇಡಿ. ಈಥರ್ ಬೇಗ ಬೆಂಕಿ ಹತ್ತುವ ದ್ರವ, ಅದೂ ಇದೆ ಅಂತ ಬರುವವರಿಗೆ ಈಗಲೇ ಫೋನ್ ಮಾಡಿ ಹೇಳಿ. ಬೀಗದ ಕೈ ನಿಮ್ಮ ಹತ್ತಿರವೇ ಇರಲಿ.