ಹರಳೆಣ್ಣೆ ಲೇಪನದಲ್ಲಿ ಗುಳ್ಳೆ: ನ್ಯಾನೊ ಸಿಲಿಕಾ ಇರಲೋ, ಜಿಂಕ್ ಆಕ್ಸೈಡೋ?

ಪ್ರಶ್ನೆ: ಹರಳೆಣ್ಣೆ–ಎಂಡಿಐ (ಎಣ್ಣೆ ಜತೆ ಸೇರಿ ಗಟ್ಟಿಯಾಗಿಸುವ ಐಸೊಸಯನೇಟ್ ರಾಸಾಯನಿಕ) ಪಾಲಿಯುರೆಥೇನ್‌ಗೆ 5% ನ್ಯಾನೊ ಸಿಲಿಕಾ (ಅತಿ ಸಣ್ಣ ಕಣಗಳ ಸಿಲಿಕಾ ಪುಡಿ) ಹಾಕಿ ಉಕ್ಕಿನ ತಗಡಿಗೆ ಬಳಿದರೆ ಸೂಜಿಮೊನೆಯಷ್ಟು ಗುಳ್ಳೆ ಏಳುತ್ತಿವೆ. ಜಿಂಕ್ ಆಕ್ಸೈಡ್‌ಗೆ ಹೋಗಲೇ? ಅನುಭವ ಇದ್ದವರು ಹೇಳಿ.

ಉತ್ತರ 1: ಸಿಲಿಕಾನ ಬೈಬೇಡಿ, ನೀರನ್ನ ಹಿಡೀರಿ. 1 ಗ್ರಾಂ ನೀರು ಸುಮಾರು 14 ಗ್ರಾಂ ಎಂಡಿಐ ನುಂಗಿ 1.3 ಲೀಟರಿನಷ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತೆ. ನಮ್ಮಲ್ಲಿ ಎಣ್ಣೆ 90–100 ಡಿಗ್ರಿಯಲ್ಲಿ, ನಿರ್ವಾತದಲ್ಲಿ, ನೊರೆ ನಿಲ್ಲೋ ತನಕ ಕಾಯಿಸ್ತೀವಿ, ನೀರು ಹೋಗಲಿ ಅಂತ. ಪುಡಿ 120 ಡಿಗ್ರಿಯಲ್ಲಿ ರಾತ್ರಿಯಿಡೀ. ಬಿಸಿ ಆರೋ ಮೊದಲೇ ಎಣ್ಣೆಗೆ. ಹೈಡ್ರಾಕ್ಸಿಲ್ ವ್ಯಾಲ್ಯೂ (ಎಣ್ಣೆಯಲ್ಲಿ ಎಂಡಿಐ ಜತೆ ಕೂಡೋ ಗುಂಪುಗಳ ಅಳತೆ) 163 ಬಂದರೆ 100 ಗ್ರಾಂ ಎಣ್ಣೆಗೆ 1.1 ಅನುಪಾತದಲ್ಲಿ (ಅಂದ್ರೆ ಲೆಕ್ಕಕ್ಕಿಂತ 10% ಹೆಚ್ಚು) 40 ಗ್ರಾಂ ಎಂಡಿಐ. ಅಳೆಯದೆ ಡಬ್ಬಿಯ ಅಂಕಿ ನಂಬಿದರೆ ಲೇಪನ ಅಂಟಂಟಾಗೇ ಉಳಿಯುತ್ತೆ, ಇಡೀ ತಗಡು ಕೆರೆದು ತೆಗೆಯೋ ಕೂಲಿ ಯಾರು ಕೊಡ್ತಾರೆ? ಸಿಲಿಕಾ 2% ಸಾಕು, 5ಕ್ಕೆ ಉಂಡೆಗಟ್ಟುತ್ತೆ.

ಉತ್ತರ 2: ಐಸೊಸಯನೇಟ್ ಸಹವಾಸವೇ ಯಾಕೆ? ನಮ್ಮದು ಅಗಸೆ ಎಣ್ಣೆ ಆಲ್ಕಿಡ್ (ಗಾಳಿಯಲ್ಲಿ ಒಣಗೋ ಎಣ್ಣೆ ರಾಳ), 2% ಜಿಂಕ್ ಆಕ್ಸೈಡ್. ಆಸಿಡ್ ವ್ಯಾಲ್ಯೂ (ರಾಳದಲ್ಲಿ ಉಳಿದ ಆಮ್ಲದ ಅಳತೆ) 10ರ ಕೆಳಗಿಳಿಸದೆ ಜಿಂಕ್ ಹಾಕಿದರೆ ಅದು ಸಾಬೂನಾಗಿ ಡಬ್ಬಿಯಲ್ಲೇ ಗಟ್ಟಿಯಾಗುತ್ತೆ. ದ್ರಾವಕ, ಡ್ರೈಯರ್, ಅರೆಯೋಕೆ ಸುಟ್ಟ ಕರೆಂಟು ಎಲ್ಲ ದಂಡ. ಒಣಗಿಸೋ ಡ್ರೈಯರ್ ಆಗಿ ಕೋಬಾಲ್ಟ್ ಲೋಹ ಎಣ್ಣೆಯ 0.05%. ಕೋಟ್ ದಪ್ಪ ಬಳಿದರೆ ಮೇಲ್ಪದರ ಮೊದಲು ಒಣಗಿ ಸುಕ್ಕುಗಟ್ಟುತ್ತೆ, 35 ಮೈಕ್ರಾನ್ ದಾಟಿಸಬೇಡಿ.

ಉತ್ತರ 3: ಆಲ್ಕಿಡ್ ಹೊಗಳೋರು ಗೀರು ಹಾಕಿದ ತಗಡನ್ನ ಉಪ್ಪುಮಂಜಿನ ಪೆಟ್ಟಿಗೆಯಲ್ಲಿಟ್ಟು (5% ಉಪ್ಪುನೀರು, 35 ಡಿಗ್ರಿ) ತೋರಿಸಲಿ. ತುಕ್ಕಿನ ಪಕ್ಕದಲ್ಲೇ ಕ್ಷಾರ ಹುಟ್ಟಿ ಎಸ್ಟರ್ ಕೊಂಡಿ (ಆಲ್ಕಿಡ್ ಅಣುಗಳನ್ನ ಜೋಡಿಸಿರೋ ಬಂಧ) ಕತ್ತರಿಸುತ್ತೆ, ಗೀರಿನ ಅಂಚಿಂದ ಲೇಪನ ಎದ್ದು ಬರುತ್ತೆ. ಹರಳೆಣ್ಣೆಗೆ 0.5% ಗ್ರಾಫೀನ್ (ಇಂಗಾಲದ ಅತಿ ತೆಳು ಹಾಳೆಗಳು) ಹಾಕಿ, ನೀರಿನ ದಾರಿಯೇ ಉದ್ದವಾಗುತ್ತೆ.

ಉತ್ತರ 2: ಹರಳೆಣ್ಣೆಯಲ್ಲಿ ಇರೋದೂ ಎಸ್ಟರೇ ಸ್ವಾಮಿ! ಇನ್ನು ಗ್ರಾಫೀನ್ ವಿದ್ಯುತ್ ಹರಿಸುತ್ತೆ. ಗೀರು ಬಿದ್ದ ಕಡೆ ಅದು ಕ್ಯಾಥೋಡ್, ಉಕ್ಕು ಆನೋಡ್, ಅಂದ್ರೆ ಕರಗಿ ತುಕ್ಕಾಗೋದು ಉಕ್ಕೇ. ಚಿಕ್ಕ ಗೀರಿಗೆ ಆಳದ ಗುಂಡಿ. ಇದನ್ನ ಬಚ್ಚಿಟ್ಟು ಸಲಹೆ ಕೊಡಬೇಡಿ.

ಉತ್ತರ 3: ಬಚ್ಚಿಟ್ಟಿಲ್ಲ. ಹಾಳೆಗಳು ರಾಳದಲ್ಲಿ ಬಿಡಿಬಿಡಿಯಾಗಿ ಹರಡಿದ್ದರೆ ಒಂದಕ್ಕೊಂದು ತಾಗಲ್ಲ, ಕರೆಂಟಿಗೆ ದಾರಿಯೇ ಇರಲ್ಲ. ಪ್ರೋಬ್ ಸೋನಿಕೇಟರ್ (ಧ್ವನಿ ಕಂಪನದಿಂದ ಪುಡಿ ಬಿಡಿಸೋ ಸಲಕರಣೆ) ಹಿಡಿಯೋಕೆ ಬರಬೇಕು ಅಷ್ಟೆ.

ಉತ್ತರ 4: ಪ್ರೋಬ್ ಅಂದ್ರೆ ಎಲ್ಲ ಮುಗೀತಾ? ಪಾತ್ರೆಯನ್ನ ಐಸ್ ನೀರಲ್ಲಿಟ್ಟು, 5 ಸೆಕೆಂಡ್ ಆನ್, 5 ಸೆಕೆಂಡ್ ಆಫ್ ಮಾಡದಿದ್ದರೆ ಎಣ್ಣೆ ಕಾಯುತ್ತೆ, ದ್ರಾವಕ ಹಾರುತ್ತೆ. ತುದಿಯ ಟೈಟಾನಿಯಂ ಸವೆದು ಬೂದುಪುಡಿಯಾಗಿ ಲೇಪನಕ್ಕೇ ಸೇರುತ್ತೆ. ತುದಿ ಪದೇ ಪದೇ ಬದಲಿಸೋ ಖರ್ಚು ಬೇರೆ. ಲೀಟರ್‌ಗಟ್ಟಲೆ ಬೇಕಾದರೆ ಬೀಡ್ ಮಿಲ್ಲೇ (ಸಣ್ಣ ಗುಂಡುಗಳಿಂದ ಅರೆಯೋ ಯಂತ್ರ) ಸರಿ.

ಉತ್ತರ 1: ಅವರು ಕೇಳಿದ್ದು ಗುಳ್ಳೆ ಬಗ್ಗೆ ಕಣ್ರೀ! ಸಿಲಿಕಾ ಹಾಕದ ಒಂದು ತಗಡೂ ಅದೇ ದಿನ ಬಳಿದು ನೋಡಿ. ಅದರಲ್ಲೂ ಗುಳ್ಳೆ ಎದ್ದರೆ ತೇವ ಎಣ್ಣೆಯಲ್ಲೋ ಗಾಳಿಯಲ್ಲೋ ಇದೆ, ಪುಡಿ ಬದಲಿಸಿ ಪ್ರಯೋಜನವಿಲ್ಲ.