ಸಹಾಯ ಬೇಕು: ಸಿವಿಲ್ ತ್ರೀಡಿಯಲ್ಲಿ ಐಆರ್‌ಸಿ ಸೂಪರ್ ಎಲಿವೇಶನ್ ಹಾಕೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಕಲಬುರಗಿ ಜಿಲ್ಲೆಯ ಚಿತ್ತಾಪುರ ಕಡೆ ಒಂದು ರಸ್ತೆಯ ಡಿಸೈನ್ ಅನ್ನು ಸಿವಿಲ್ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಮಾಡುತ್ತಿದ್ದೇನೆ. ಎರಿ ಹೊಲಗಳ ನಡುವೆ ಒಂದು ತಿರುವು ಇದೆ. ರೇಡಿಯಸ್ 500 ಮೀಟರ್, ವೇಗ ಗಂಟೆಗೆ 80 ಕಿ.ಮೀ. ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಸೂತ್ರದಲ್ಲಿ ಕೈಲೆಕ್ಕ ಹಾಕಿದರೆ ಸೂಪರ್ ಎಲಿವೇಶನ್, ಅಂದರೆ ತಿರುವಿನಲ್ಲಿ ಹೊರ ಅಂಚು ಎತ್ತರವಾಗುವಂತೆ ರಸ್ತೆಗೆ ಕೊಡುವ ಅಡ್ಡ ಇಳಿಜಾರು, 5.7% ಬರುತ್ತದೆ. ನಾನು ಆರಿಸಿದ್ದು ಅಮೆರಿಕದ ರಸ್ತೆ ಮಾನದಂಡವಾದ ಆಶ್ಟೋದ ಫೈಲ್, ಹಾಗಾಗಿ ಸಾಫ್ಟ್‌ವೇರ್‌ನಲ್ಲಿ ಬೇರೆ ಅಂಕಿ.

ಮೊದಲು ಟೇಬಲ್‌ನಲ್ಲಿ ನಾನೇ 5.7 ತುಂಬಿದೆ. ರೇಡಿಯಸ್ ಬದಲಿಸಿ ಮತ್ತೆ ಲೆಕ್ಕ ಮಾಡಿಸಿದಾಗ ಅದು ಹೋಯಿತು. ಆಮೇಲೆ ಆಶ್ಟೋ ಫೈಲ್ ಕಾಪಿ ಮಾಡಿ, ಡಿಸೈನ್ ಕ್ರೈಟೀರಿಯಾ ಎಡಿಟರ್‌ನಲ್ಲಿ (ಮಾನದಂಡದ ಫೈಲ್ ತಿದ್ದುವ ಜಾಗ) 7% ಮಿತಿಯ ಹೊಸ ಟೇಬಲ್ ಸೇರಿಸಿದೆ. ಅಲ್ಲಿವರೆಗೆ ಸರಿ. ಟ್ರಾನ್ಸಿಷನ್ ಉದ್ದದ (ಮಾಮೂಲಿ ರಸ್ತೆಯಿಂದ ಪೂರ್ತಿ ಇಳಿಜಾರಿಗೆ ಬರಲು ಬೇಕಾದ ಉದ್ದ) ಹತ್ತಿರ ಬಂದು ಸಿಕ್ಕಿಕೊಂಡಿದ್ದೇನೆ. ಎರಡು ದಿನ ಆಯ್ತು.

ಬಯಲು ಸೀಮೆಗೆ 150ಕ್ಕೆ 1ರ ದರ (150 ಮೀಟರ್ ಉದ್ದಕ್ಕೆ ಅಂಚು 1 ಮೀಟರ್ ಏರುವುದು) ಇದೆಯಲ್ವಾ, ಅದನ್ನು ಫಾರ್ಮುಲಾ ಆಗಿ ಕೊಡಬಹುದಾ? ಇಲ್ಲಾ ಪ್ರತಿ ರೇಡಿಯಸ್‌ಗೂ ಉದ್ದ ಲೆಕ್ಕ ಹಾಕಿ ಟೇಬಲ್‌ಗೆ ತುಂಬಲೇಬೇಕಾ? ಮಾಡಿದವರು ಒಂದು ಸ್ಕ್ರೀನ್‌ಶಾಟ್ ಹಾಕಿ, ದಯವಿಟ್ಟು.