ಕುಕ್ಕರಹಳ್ಳಿ ಕೆರೆ: ಹಾವಕ್ಕಿಯೋ, ನೀರುಕಾಗೆಯೋ?

ಪ್ರಶ್ನೆ: ಮೈಸೂರಿನ ಮಾನಸಗಂಗೋತ್ರಿಯ ಕುಕ್ಕರಹಳ್ಳಿ ಕೆರೆಗೆ ಭಾನುವಾರ ಬೆಳಿಗ್ಗೆ ಹೊರಟಿದ್ದೇವೆ. 10×50 (ಹತ್ತು ಪಟ್ಟು ಹಿಗ್ಗಿಸುವ, 50 ಮಿ.ಮೀ. ಮುಂಗಾಜಿನ) ಬೈನಾಕ್ಯುಲರ್ ಆಗುತ್ತಾ? ರೆಕ್ಕೆ ಹರಡಿ ಕೂರುವ ಕಪ್ಪು ಹಕ್ಕಿಗಳನ್ನು ಗುರುತಿಸೋದು ಹೇಗೆ?

ಉತ್ತರ 1: ಅವು ಹಾವಕ್ಕಿ (ಡಾರ್ಟರ್) ಇಲ್ಲವೇ ನೀರುಕಾಗೆ (ಕಾರ್ಮೊರೆಂಟ್), ಕೊಕ್ಕು ನೋಡಿ ಸರ್. ಹಾವಕ್ಕಿಯದು ಭರ್ಜಿಯಂತೆ ನೇರ, ಚೂಪು. ನೀರುಕಾಗೆಯದು ತುದಿಯಲ್ಲಿ ಬಾಗಿರುತ್ತೆ. ಈಜುವಾಗ ಹಾವಕ್ಕಿಯ ಮೈ ಮುಳುಗಿ, ಕತ್ತಷ್ಟೇ ಹಾವಿನ ಹಾಗೆ ಮೇಲೆ ಕಾಣುತ್ತೆ. ಎರಡರ ಗರಿಯೂ ನೆನೆಯೋದರಿಂದ ಎರಡೂ ರೆಕ್ಕೆ ಒಣಗಿಸುತ್ತವೆ, ಭಂಗಿ ನಂಬಬೇಡಿ.

ಉತ್ತರ 2: 10×50 ಭಾರ, ಕೈ ನಡುಗಿದರೆ ನೋಟವೂ ನಡುಗುತ್ತೆ. 8×42 ಸಿಕ್ಕರೆ ತನ್ನಿ. ಆರೂವರೆಗೆ ಪೂರ್ವದ ದಂಡೆಯಲ್ಲಿರಿ, ಬಿಸಿಲು ಬೆನ್ನಿಗಿರಲಿ. ಎದುರು ಬಿಸಿಲಲ್ಲಿ ಬೆಳ್ಳನೆಯ ಹೆಜ್ಜಾರ್ಲೆಯೂ (ಪೆಲಿಕನ್) ಕರಿ ನೆರಳೇ!

ಉತ್ತರ 3: ಮರಗಳತ್ತ ಕಿವಿಯಿಡಿ. ಒಂದೇ ಸಮನೆ ‘ಟುಕ್ ಟುಕ್’ ಅಂದರೆ ಕಂಚುಕುಟಿಗ. ‘ಕುಟ್ರೂ ಕುಟ್ರೂ’ ಅಂದರೆ ಕುಟ್ರುಹಕ್ಕಿ. ಹಸಿರೆಲೆಯಲ್ಲಿ ಹಸಿರು ಹಕ್ಕಿ, ಹುಡುಕಿದರೆ ಸಿಗಲ್ಲ. ಹಣ್ಣು ಬಿಟ್ಟ ಆಲದ ಹತ್ತಿರ ಹತ್ತು ನಿಮಿಷ ಅಲ್ಲಾಡದೆ ನಿಲ್ಲಿ.